ಮುದಿಮರದ ಮೈ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಈ ಮಾತು ಮರಕ್ಕೂ ಸಲ್ಲುತ್ತದೆ. ಹೊಲದ ಬದುವಿನಲ್ಲಿ ನಿಂತ ಹುಣಸೆಯ ಮರವನ್ನು ಅರ್ಧ ಮೈಲಿಯ ಆಚೆಯಿಂದ ನೋಡಿ. ಅದೊಂದು ಹಸಿರು ಗೋಪುರ. ಹತ್ತಿರ ಬಂದರೆ ಕೊಂಬೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಇನ್ನೂ ಹತ್ತಿರ ಬಂದು, ಬೊಡ್ಡೆಯಿಂದ ಒಂದು ಮೊಳ ದೂರದಲ್ಲಿ ನಿಂತರೆ ಮರವೇ ಮಾಯವಾಗುತ್ತದೆ. ಆಗ ಕಣ್ಣ ಮುಂದೆ ಉಳಿಯುವುದು ಬಿರುಕು, ಗಂಟು, ಪೊಟರೆ, ಒಣಗಿದ ಹಾವಸೆ, ಇರುವೆಯ ಸಾಲು. ಅದು ಮರದ ತೊಗಟೆಯೋ, ಬರಗಾಲದಲ್ಲಿ ಒಡೆದ ಕೆರೆಯಂಗಳವೋ, ವಿಮಾನದಿಂದ ಕಂಡ ಗುಡ್ಡಗಾಡೋ ಎಂದು ಹೇಳುವುದು ಕಷ್ಟ.

ಇಂದಿನ ಚಿತ್ರಪ್ರದರ್ಶನಗಳಲ್ಲಿ ಈ ಒಂದು ಮೊಳದ ದೂರದಿಂದ ಕಂಡ ಚಿತ್ರಗಳು ಅಪರೂಪವಲ್ಲ. ಚೌಕಟ್ಟಿನೊಳಗೆ ಬಣ್ಣದ ಜೊತೆಗೆ ಮರಳು, ಮುದುರಿ ಅಂಟಿಸಿದ ಕಾಗದ, ಗೋಣಿಯ ತುಂಡು, ಮೇಣ, ಇದ್ದಿಲು ಎಲ್ಲವೂ ಇರುತ್ತವೆ. ಕೆಳಗಿನ ಚೀಟಿಯಲ್ಲಿ ‘ಹಳೆಯ ಮರ, ಮಿಶ್ರ ಮಾಧ್ಯಮ’ ಎಂದು ಬರೆದಿರುತ್ತದೆ. ನೋಡಲು ಹೋದ ಸಂಸಾರದಲ್ಲಿ ಯಾರಾದರೊಬ್ಬರು, ‘ಎಲ್ಲ ಸರಿ, ಮರ ಎಲ್ಲಿದೆ?’ ಎಂದು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಚಿತ್ರಕಾರನಿಗೆ ಮರ ಬರೆಯಲು ಬರುವುದಿಲ್ಲವೆ? ಇಲ್ಲವೆ ಮರದ ಮೇಲೆ ಅವನಿಗೆ ತಾತ್ಸಾರವೆ? ಚರಿತ್ರೆಯನ್ನು ನೋಡಿದರೆ ಎರಡೂ ಅಲ್ಲವೆಂದು ತೋರುತ್ತದೆ. ಸುಮಾರು ಇನ್ನೂರು ವರ್ಷಗಳಿಂದ ಕೆಲವರು ಚಿತ್ರಕಾರರು ಒಂದೊಂದೇ ಹೆಜ್ಜೆಯಿಟ್ಟು ಮರದ ಸಮೀಪಕ್ಕೆ ನಡೆದು ಬಂದರು. ಹಾಗೆ ನಡೆದು ಬಂದುದರಿಂದಲೇ ಚಿತ್ರದಿಂದ ಮರದ ಆಕಾರ ಕರಗುತ್ತಾ ಹೋಯಿತು. ಮರದ ಮೈ ಮಾತ್ರ ಉಳಿಯಿತು. ಆ ನಡಿಗೆಯ ಕಥೆ ಇಲ್ಲಿದೆ.

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಮರವೆಂದರೆ ಬಹುಮಟ್ಟಿಗೆ ನಾಟಕದ ಪಕ್ಕದ ಪರದೆಯಿದ್ದಂತೆ. ಚಿತ್ರದ ಎಡಕ್ಕೊಂದು, ಬಲಕ್ಕೊಂದು ಮರ ನಿಲ್ಲಿಸಿ, ನಡುವೆ ನದಿಯನ್ನೋ ಹಾಳು ದೇಗುಲವನ್ನೋ ತೋರಿಸುವುದು ರೂಢಿಯಾಗಿತ್ತು. ಅಲೆಕ್ಸಾಂಡರ್ ಕೋಜೆನ್ಸ್ ಎಂಬ ಆಂಗ್ಲ ಚಿತ್ರಕಾರ 1771ರಲ್ಲಿ ಮೂವತ್ತೆರಡು ಜಾತಿಯ ಮರಗಳ ಆಕಾರ, ಅಸ್ಥಿಪಂಜರ, ಎಲೆಗೊಂಚಲುಗಳ ಮಾದರಿಗಳನ್ನು ಪ್ರಕಟಿಸಿದನು. ಕಲಿಯುವವರಿಗೆ ಅದೊಂದು ಕಾಪಿಪುಸ್ತಕವಿದ್ದ ಹಾಗೆ. ಓಕ್ ಎಂದರೆ ಹೀಗೆ, ಎಲ್ಮ್ ಎಂದರೆ ಹಾಗೆ ಎಂದು ಜಾತಿಯನ್ನು ಗುರುತಿಸಬಹುದಾಗಿತ್ತು. ಆದರೆ ಇದೇ ಊರಿನ, ಇದೇ ಬೇಲಿಯ, ಇದೇ ಗಾಯದ ಒಂದು ಮರವನ್ನು ಗುರುತಿಸುವುದು ಅದರಿಂದ ಸಾಧ್ಯವಿರಲಿಲ್ಲ.

ಆ ಒಂದು ಮರದ ಮುಂದೆ ಹೋಗಿ ನಿಂತವನು ಜಾನ್ ಕಾನ್ಸ್ಟೆಬಲ್. ಅವನು 1776ರಲ್ಲಿ ಇಂಗ್ಲೆಂಡಿನ ಸಫೊಕ್ ಸೀಮೆಯ ಈಸ್ಟ್ ಬರ್ಗೋಲ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಹಿಟ್ಟಿನ ಗಿರಣಿಗಳ ಒಡೆಯ. ಮಗ ಗಿರಣಿಯ ಕಾಲುವೆ, ಕೊಳೆತ ಹಲಗೆ, ಹಳೆಯ ಕಂಬಗಳ ನಡುವೆ ಬೆಳೆದನು; ಬದುಕಿರುವವರೆಗೂ ಅವುಗಳ ಮೋಹ ಬಿಡಲಿಲ್ಲ. 1821ರಲ್ಲಿ ಅವನು ‘ಹೇ ವೇನ್’ ಎಂಬ ದೊಡ್ಡ ಚಿತ್ರವನ್ನು ಬರೆದನು. ನದಿಯಲ್ಲಿ ನಿಂತ ಹುಲ್ಲುಗಾಡಿಯ ಆ ಚಿತ್ರ ನಾಲ್ಕಡಿಗೂ ಮಿಕ್ಕ ಎತ್ತರ, ಆರಡಿ ಅಗಲವಿದೆ. ಅದು ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಹೆಚ್ಚು ಕಡಮೆ ಅದೇ ವರ್ಷ, ಒಂದು ಕಾಗದದ ಹಾಳೆಯ ಮೇಲೆ, ಸುಮಾರು 12 ಅಂಗುಲ ಎತ್ತರ, 10 ಅಂಗುಲ ಅಗಲದ ಒಂದು ಸಣ್ಣ ತೈಲಚಿತ್ರವನ್ನೂ ಬರೆದನು. ಅದರಲ್ಲಿರುವುದು ಎಲ್ಮ್ ಮರವೊಂದರ ಬೊಡ್ಡೆ, ಅಷ್ಟೆ.

ಆ ಚಿತ್ರದಲ್ಲಿ ಮರದ ತಲೆ ಇಲ್ಲ. ಹಾಳೆಯ ಮೇಲಂಚು ಕಾಂಡವನ್ನು ಕತ್ತರಿಸಿಬಿಟ್ಟಿದೆ. ಹಿಂದೆ ಬಿಸಿಲು ಬಿದ್ದ ಹುಲ್ಲು, ಬೇರೆ ಗಿಡಮರಗಳ ಹಸಿರು. ಮುಂದೆ, ನಮ್ಮ ಮುಖಕ್ಕೆ ಎದುರಾಗಿ, ತೊಗಟೆ. ಉದ್ದುದ್ದ ಸೀಳಿದ ತೊಗಟೆಯ ಒಂದೊಂದು ಬಿಲ್ಲೆಗೂ ಒಂದೊಂದು ಬಣ್ಣ: ಬೂದಿ, ಕಂದು, ನೆರಳಿನ ಕಡೆ ಪಾಚಿಯ ಹಸಿರು. ಕಥೆಯಿಲ್ಲ, ಮನುಷ್ಯರಿಲ್ಲ, ದನಕರುವೂ ಇಲ್ಲ. ಛಾಯಾಚಿತ್ರ ಎಂಬುದು ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ ಮರವನ್ನು ಹೀಗೆ ಅಡ್ಡಗಡಿದು ನೋಡಬಹುದೆಂದು ಅವನಿಗೆ ಹೊಳೆದದ್ದೇ ಆಶ್ಚರ್ಯ. ಚಿತ್ರ ಅವನ ಮನೆಯವರ ಬಳಿಯೇ ಉಳಿದಿತ್ತು. 1888ರಲ್ಲಿ ಅವನ ಮಗಳು ಇಸಬೆಲ್ ಅದನ್ನು ಇಂದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಎಂದು ಹೆಸರಾದ ಸಂಗ್ರಹಾಲಯಕ್ಕೆ ಕೊಟ್ಟಳು.

ಎಲ್ಮ್ ನಮಗೆ ತೀರ ಹೊರಗಿನ ಮರವೇನೂ ಅಲ್ಲ. ನಮ್ಮ ಕಡೆ ತಪಸಿ ಎಂದು ಕರೆಯುವ ಮರ ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಎಲ್ಮ್‌ನ ಕುಟುಂಬಕ್ಕೇ ಸೇರಿದೆ.

ಕಾನ್ಸ್ಟೆಬಲ್‌ನಿಗೆ ಮರವೆಂದರೆ ಎಂಥ ಸಲಿಗೆ ಇತ್ತೆಂಬುದನ್ನು ತೋರಿಸುವ ಒಂದು ಪ್ರಸಂಗವನ್ನು ಅವನ ಗೆಳೆಯ ಲೆಸ್ಲಿ ತಾನು ಬರೆದ ಜೀವನಚರಿತ್ರೆಯಲ್ಲಿ ಉಳಿಸಿದ್ದಾನೆ. 1836ರಲ್ಲಿ, ಸಾಯುವುದಕ್ಕೆ ಒಂದು ವರ್ಷವೂ ಇಲ್ಲದಾಗ, ಕಾನ್ಸ್ಟೆಬಲ್ ಹ್ಯಾಂಪ್‌ಸ್ಟೆಡ್ ಊರಿನಲ್ಲಿ ಉಪನ್ಯಾಸ ಮಾಡುತ್ತಾ ಒಂದು ಆಶ್ ಮರದ ಚಿತ್ರವನ್ನು ಸಭಿಕರಿಗೆ ತೋರಿಸಿದನು. ಈ ತರುಣಿ ಎದೆಯೊಡೆದು ಸತ್ತಳು ಎಂದನು. ಭಿಕ್ಷುಕರನ್ನೂ ಅಲೆಮಾರಿಗಳನ್ನೂ ಕಾನೂನಿನ ಪ್ರಕಾರ ವಿಚಾರಿಸಿಕೊಳ್ಳಲಾಗುವುದು ಎಂಬ ಹಲಗೆಯೊಂದನ್ನು ಯಾರೋ ಉದ್ದುದ್ದ ಮೊಳೆಗಳಿಂದ ಆ ಮರದ ಪಕ್ಕೆಗೆ ಹೊಡೆದಿದ್ದರಂತೆ. ಆ ಅವಮಾನವನ್ನು ಮರ ಸಹಿಸಲಿಲ್ಲ. ತುದಿಯ ಕೊಂಬೆಗಳು ಒಣಗಿದವು. ವರ್ಷದೊಳಗೆ ಅರ್ಧ ಮೈ ಹೋಯಿತು. ಆಮೇಲೆ ಉಳಿದರ್ಧವೂ ಹೋಯಿತು. ಕೊನೆಗೆ ಮರವನ್ನು ಕಡಿದು, ಹಲಗೆಗೆ ಆಸರೆಯಾಗುವಷ್ಟು ಎತ್ತರದ ಮೋಟನ್ನು ಮಾತ್ರ ಉಳಿಸಿದರಂತೆ. ಸಭಿಕರು ನಕ್ಕಿದ್ದರೂ ನಕ್ಕಿರಬಹುದು. ಆದರೆ ಹೇಳಿದವನಿಗೆ ಅದು ಬರಿಯ ವಿನೋದವಾಗಿರಲಿಲ್ಲ. ಹತ್ತಿರದಿಂದ ನೋಡಿದವನಿಗೆ ಮೊಳೆಯೂ ಕಾಣುತ್ತದೆ. ಬೀದಿಯ ಮರಗಳಿಗೆ ಜಾಹೀರಾತಿನ ತಗಡು ಹೊಡೆಯುವುದು ನಮಗೂ ಹೊಸದಲ್ಲವಷ್ಟೆ.

‘ಹೇ ವೇನ್’ ಚಿತ್ರ 1824ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಹೋಗಿ ಚಿನ್ನದ ಪದಕ ಪಡೆಯಿತು. ಬಯಲಿನಲ್ಲಿ ಕೂತು ಪ್ರಕೃತಿಯನ್ನು ನೇರವಾಗಿ ಬರೆಯುವ ಹುರುಪು ಫ್ರೆಂಚ್ ತರುಣರಲ್ಲಿ ಹಬ್ಬುವುದಕ್ಕೆ ಅದೂ ಒಂದು ಕಾರಣವಾಯಿತು. ಆ ತರುಣರಲ್ಲಿ ಮುಂದೆ ಮುಖ್ಯನಾದವನು ತಿಯೊಡೋರ್ ರೂಸೋ. 1812ರಲ್ಲಿ ಹುಟ್ಟಿ 1867ರಲ್ಲಿ ತೀರಿಕೊಂಡವನು. ಹೆಸರು ಒಂದೇ ಆದರೂ ತತ್ತ್ವಜ್ಞಾನಿ ರೂಸೋ ಬೇರೆ, ಇವನು ಬೇರೆ. ಪ್ಯಾರಿಸ್ಸಿನ ಅಧಿಕೃತ ಪ್ರದರ್ಶನದವರು ಇವನ ಚಿತ್ರಗಳನ್ನು ಮತ್ತೆ ಮತ್ತೆ ತಿರಸ್ಕರಿಸಿದ್ದರಿಂದ ಜನ ಇವನನ್ನು ‘ಮಹಾ ತಿರಸ್ಕೃತ’ ಎಂದೇ ಕರೆದರು. ಅವನು ಫೋಂತೆನ್‌ಬ್ಲೋ ಕಾಡಿನ ಅಂಚಿನಲ್ಲಿರುವ ಬಾರ್ಬಿಜೋನ್ ಎಂಬ ಹಳ್ಳಿಯಲ್ಲಿ ನೆಲಸಿದನು. ಆ ಕಾಡಿನ ಮುದಿ ಓಕ್ ಮರಗಳನ್ನು, ನಾವು ಮನೆಯ ಹಿರಿಯರ ಭಾವಚಿತ್ರ ಬರೆಸುವ ಹಾಗೆ, ಒಂದೊಂದಾಗಿ ಬರೆದನು. ಪದರದ ಮೇಲೆ ಪದರ ಬಣ್ಣ ಹಚ್ಚಿ ತೊಗಟೆಯ ಒರಟನ್ನು ತರುವುದು ಅವನ ಹಟ. ಕೆಲವು ಚಿತ್ರಗಳಲ್ಲಿ ಅವನು ಬಳಸಿದ ಡಾಮರಿನಂಥ ಕಪ್ಪು ಬಣ್ಣ ಕಾಲಕ್ರಮದಲ್ಲಿ ಮಡುಗಟ್ಟಿ ಬಿರುಕುಬಿಟ್ಟು ಚಿತ್ರವನ್ನೇ ನುಂಗಿತು. ಬಣ್ಣ ಎಂಬುದು ಹೇಳಿದ ಹಾಗೆ ಕೇಳುವ ಆಳಲ್ಲ, ಅದಕ್ಕೂ ತನ್ನದೇ ಒಂದು ಬಾಳಿದೆ ಎಂಬ ಪಾಠ ಅಂದೇ ಸಿಕ್ಕಿತ್ತು.

ಆ ಕಾಲದಲ್ಲಿ ಸರಕಾರದ ಅರಣ್ಯ ಇಲಾಖೆಯವರು ಆ ಕಾಡಿನ ಹಳೆಯ ಮರಗಳನ್ನು ಕಡಿದು ಪೈನ್ ಸಸಿಗಳನ್ನು ನೆಡುತ್ತಿದ್ದರು. ರೂಸೋ 1847ರಲ್ಲಿ ಮರ ಕಡಿಯುವ ಒಂದು ದೃಶ್ಯವನ್ನು ಬರೆದು ‘ನಿರಪರಾಧಿಗಳ ಕಗ್ಗೊಲೆ’ ಎಂದು ಹೆಸರಿಟ್ಟನು. ಬೈಬಲ್ಲಿನಲ್ಲಿ ಹೆರೋದ್ ರಾಜ ಹಸುಗೂಸುಗಳನ್ನು ಕೊಲ್ಲಿಸಿದ ಕಥೆಯ ಹೆಸರು ಅದು. 1852ರಲ್ಲಿ ಮೂರನೆಯ ನೆಪೋಲಿಯನ್‌ನಿಗೆ ಮನವಿಯನ್ನೂ ಸಲ್ಲಿಸಿದನು. ಮಾರನೆಯ ವರ್ಷ 624 ಹೆಕ್ಟೇರು, ಅಂದರೆ ಸುಮಾರು 1,500 ಎಕರೆ ಕಾಡನ್ನು ಕೊಡಲಿಯಿಂದ ಕಾಪಾಡಲು ಗೊತ್ತುಮಾಡಲಾಯಿತು; 1861ರಲ್ಲಿ ಅದನ್ನು 1,097 ಹೆಕ್ಟೇರಿಗೆ ಹೆಚ್ಚಿಸಿ ಆಜ್ಞೆ ಹೊರಟಿತು. ಆ ಭಾಗಕ್ಕೆ ‘ಕಲಾ ವಿಭಾಗ’ ಎಂದೇ ಹೆಸರು. ಅಮೆರಿಕದ ಹೆಸರಾಂತ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಏರ್ಪಟ್ಟದ್ದು 1872ರಲ್ಲಿ. ಚಿತ್ರಕಾರರ ಕಾಡು ಅದಕ್ಕಿಂತ ಹನ್ನೊಂದು ವರ್ಷ ಹಿರಿದು. ಸೌದೆಯ ಲೆಕ್ಕದಲ್ಲಿ ಏನೂ ಬೆಲೆಯಿಲ್ಲದ ಪೊಟರೆಮರ ಚಿತ್ರದ ಲೆಕ್ಕದಲ್ಲಿ ಆಸ್ತಿಯಾಯಿತೆಂಬುದು ಇಲ್ಲಿ ಗಮನಿಸಬೇಕಾದ ಮಾತು.

ಇಷ್ಟಾದರೂ ರೂಸೋ ಬರೆದ ಮರ ಮರವೇ. ಯಾರು ಬೇಕಾದರೂ ಗುರುತಿಸಬಹುದು. ಗುರುತು ಕರಗುವ ಘಟ್ಟಕ್ಕೆ ಬರಬೇಕಾದರೆ ನಾವು ಹಾಲೆಂಡಿಗೆ ಹೋಗಬೇಕು. ಅಲ್ಲಿ 1872ರಲ್ಲಿ ಹುಟ್ಟಿದ ಪೀಟ್ ಮೋಂಡ್ರಿಯಾನ್ ಮೊದಮೊದಲು ಹೊಲ, ಕಾಲುವೆ, ಗಾಳಿಗಿರಣಿಗಳನ್ನು ಎಲ್ಲರಂತೆ ಬರೆಯುತ್ತಿದ್ದನು. ಕಡಲ ತೀರದ ಡೋಮ್‌ಬರ್ಗ್ ಎಂಬ ಊರಿಗೆ 1908ರಲ್ಲಿ ಹೋದ ಮೇಲೆ ಅವನ ಕೈ ಬದಲಾಯಿತು. ‘ಸಂಜೆ: ಕೆಂಪು ಮರ’ ಎಂಬ ಚಿತ್ರದಲ್ಲಿ ನೀಲಿ ಬಯಲಿನ ನಡುವೆ ಬೋಳು ಮರವೊಂದು ಕೆಂಡದ ಬಣ್ಣದಲ್ಲಿ ನಿಂತಿದೆ. ಬಣ್ಣ ಸುಳ್ಳು, ಮರ ನಿಜ. 1911ರ ‘ಬೂದು ಮರ’ದಲ್ಲಿ ಕೆಂಪೂ ಇಲ್ಲ, ನೀಲಿಯೂ ಇಲ್ಲ. ಬಿಲ್ಲಿನಂತೆ ಬಾಗಿದ ಕಪ್ಪು ಗೆರೆಗಳ ನಡುವೆ ಇರುವ ಖಾಲಿ ಜಾಗವೂ ಕೊಂಬೆಯಷ್ಟೇ ಗಟ್ಟಿಯಾಗಿ ಕಾಣುತ್ತದೆ. ಎಲೆ ಉದುರಿದ ಅತ್ತಿಯ ಮರದ ಕೆಳಗೆ ಮಲಗಿ ಮೇಲೆ ನೋಡಿದವರಿಗೆ ಈ ಅನುಭವ ಉಂಟು. ಕೊಂಬೆಗಳನ್ನು ನೋಡುತ್ತಾ ನೋಡುತ್ತಾ ಆಕಾಶದ ತುಂಡುಗಳೇ ಆಕಾರ ತಾಳಿ ಮುಂದೆ ಬರುತ್ತವೆ. 1912ರ ‘ಹೂಬಿಟ್ಟ ಸೇಬಿನ ಮರ’ಕ್ಕೆ ಬಂದರೆ ಹೂವೂ ಇಲ್ಲ, ಸೇಬೂ ಇಲ್ಲ, ಒಂದನ್ನೊಂದು ಮುಟ್ಟುವ ಕಮಾನುಗಳು ಮಾತ್ರ. ಹೆಸರನ್ನು ತೆಗೆದುಹಾಕಿದರೆ ಮರವೆಂದು ಹೇಳುವವರು ಯಾರೂ ಇಲ್ಲ.

ಮೂರು ಚಿತ್ರಗಳನ್ನೂ ಸಾಲಾಗಿ ಇಟ್ಟು ನೋಡಿದರೆ ಮಾತ್ರ ವಿಷಯ ಸ್ಪಷ್ಟವಾಗುತ್ತದೆ. ಎರಡನೆಯದು ಮೊದಲನೆಯದರಿಂದ ಹುಟ್ಟಿದೆ, ಮೂರನೆಯದು ಎರಡನೆಯದರಿಂದ. ಅಮೂರ್ತ ಚಿತ್ರವೆಂದರೆ ಮನಸ್ಸಿಗೆ ಬಂದಂತೆ ಗೀಚಿದ್ದೆಂದು ತಿಳಿದವರು ಈ ಮೂರು ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅವನು ತೊಗಟೆಗೆ ಕಣ್ಣು ತಾಗಿಸಲಿಲ್ಲ, ನಿಜ. ಕೊಂಬೆಗಳ ನಡುವೆ ಕಣ್ಣು ತೂರಿಸಿದನು. ದಾರಿ ಬೇರೆಯಾದರೂ ಸೇರಿದ ಊರು ಒಂದೇ.

ಮೋಂಡ್ರಿಯಾನ್ ಅಷ್ಟು ಹೊತ್ತಿಗೆ ಪ್ಯಾರಿಸ್ಸಿಗೆ ಬಂದಿದ್ದನು. ಅಲ್ಲಿ ಪಿಕಾಸೊ ಮತ್ತು ಜಾರ್ಜ್ ಬ್ರಾಕ್ ಎಂಬ ಗೆಳೆಯರಿಬ್ಬರು ಚಿತ್ರಕಲೆಯ ಹಳೆಯ ಕಟ್ಟುಗಳನ್ನು ಬಿಚ್ಚುತ್ತಿದ್ದರು. ಇಲ್ಲಿಂದ ಮಿಶ್ರ ಮಾಧ್ಯಮದ ಕಥೆ ಆರಂಭವಾಗುತ್ತದೆ. 1912ರ ವಸಂತದಲ್ಲಿ ಪಿಕಾಸೊ ಬೆತ್ತದ ಹೆಣಿಗೆಯ ಅಚ್ಚುಳ್ಳ ಮೇಣಗಪಡವನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರಾಕ್ ಅವಿನ್ಯೋನ್ ಪಟ್ಟಣದ ಅಂಗಡಿಯಲ್ಲಿ ಗೋಡೆಗೆ ಅಂಟಿಸುವ ಕಾಗದದ ಸುರುಳಿಯೊಂದನ್ನು ಕಂಡನು. ಅದರ ಮೇಲೆ ಓಕ್ ಹಲಗೆಯ ಎಳೆಗಳನ್ನು ಹಾಗೆಯೇ ಅಚ್ಚುಹಾಕಿತ್ತು. ಬ್ರಾಕ್‌ನ ತಂದೆಯೂ ತಾತನೂ ಮನೆಗಳಿಗೆ ಬಣ್ಣ ಬಳಿಯುವ ಕಸುಬಿನವರು. ಅವನೂ ಅದೇ ಕಸುಬನ್ನು ಕಲಿತವನು. ಹಸಿ ಬಣ್ಣದ ಮೇಲೆ ಬಾಚಣಿಗೆಯನ್ನು ಎಳೆದು ಅಗ್ಗದ ಬಾಗಿಲಿಗೆ ತೇಗದಂಥ ಎಳೆ ಬರಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಅವನು ಆ ಕಾಗದದ ತುಂಡುಗಳನ್ನು ಕತ್ತರಿಸಿ, ಹಾಳೆಗೆ ಅಂಟಿಸಿ, ಅದರ ಮೇಲೆ ಇದ್ದಿಲಿನಿಂದ ಹಣ್ಣಿನ ತಟ್ಟೆಯನ್ನೂ ಗಾಜಿನ ಲೋಟವನ್ನೂ ಬರೆದನು. ಕಾಗದ ಅಂಟಿಸಿದ ಈ ಬಗೆಯ ಚಿತ್ರಗಳಲ್ಲಿ ಅದೇ ಮೊದಲನೆಯದೆಂದು ಎಣಿಕೆ. ಚಿತ್ರದೊಳಕ್ಕೆ ಮೊದಲು ಬಂದು ಕೂತ ಕಾಗದ ಮರದ ವೇಷ ಹಾಕಿದ ಕಾಗದ ಎಂಬುದು ಸ್ವಾರಸ್ಯದ ಮಾತು.

ಬ್ರಾಕ್‌ನದು ಮರದ ಅನುಕರಣೆ. ಮರವೇ ತನ್ನ ಚಿತ್ರವನ್ನು ತಾನು ಬರೆದುಕೊಂಡರೆ ಹೇಗೆ? ಈ ಪ್ರಶ್ನೆಗೆ ಉತ್ತರ ಮ್ಯಾಕ್ಸ್ ಎರ್ನ್ಸ್ಟ್ ಎಂಬ ಜರ್ಮನ್ ಚಿತ್ರಕಾರನಿಗೆ ಸಿಕ್ಕಿತು. ಅವನು ಹುಟ್ಟಿದ್ದು 1891ರಲ್ಲಿ, ಕಲೋನ್ ನಗರದ ಬಳಿಯ ಬ್ರೂಲ್ ಎಂಬ ಊರಿನಲ್ಲಿ. ಅವನ ತಂದೆ ಕಿವುಡಮೂಗರ ಶಾಲೆಯ ಉಪಾಧ್ಯಾಯ. ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದವನು. ಮನೆಯ ತೋಟದ ಚಿತ್ರ ಬರೆಯುವಾಗ ಒಂದು ಮರ ಚಿತ್ರದ ಅಂದ ಕೆಡಿಸುತ್ತದೆಂದು ಅದನ್ನು ಬಿಟ್ಟು ಬರೆದನಂತೆ. ಆಮೇಲೆ ಚಿತ್ರಕ್ಕೂ ತೋಟಕ್ಕೂ ವ್ಯತ್ಯಾಸ ಇರಬಾರದೆಂದು ತೋಟದ ಮರವನ್ನೇ ಕಡಿದನಂತೆ. ಮಗ ದೊಡ್ಡವನಾದ ಮೇಲೆ ಹೇಳುತ್ತಿದ್ದ ಕಥೆಯಿದು. ಚಿತ್ರಕ್ಕಾಗಿ ಕಾಡು ಉಳಿಸಿದವನ ಪಕ್ಕದಲ್ಲಿ ಚಿತ್ರಕ್ಕಾಗಿ ಮರ ಕಡಿದವನನ್ನೂ ನಾವು ನೆನೆಯಬೇಕು. ಅಂಥ ತಂದೆಯ ಮಗ ಮುಂದೆ ಬಾಳಿಡೀ ಕಾಡನ್ನೇ ಬರೆದನು.

1925ರ ಆಗಸ್ಟ್ 10ರಂದು, ಫ್ರಾನ್ಸಿನ ಕಡಲ ತೀರದ ಪೋರ್ನಿಕ್ ಊರಿನ ಒಂದು ಹೋಟೆಲಿನಲ್ಲಿ, ಮಳೆಯಿಂದ ಹೊರಗೆ ಹೋಗಲಾರದೆ ಎರ್ನ್ಸ್ಟ್ ಕೂತಿದ್ದನು. ನೆಲಕ್ಕೆ ಹಾಸಿದ್ದ ಮರದ ಹಲಗೆಗಳ ಮೇಲೆ ಅವನ ಕಣ್ಣು ನೆಟ್ಟಿತು. ಸಾವಿರ ಸಲ ತಿಕ್ಕಿ ತೊಳೆದು ಹಲಗೆಯ ಮೆದು ಭಾಗ ಸವೆದು, ಗಟ್ಟಿ ಎಳೆಗಳು ಉಬ್ಬಿ ನಿಂತಿದ್ದವು. ಅವನು ಕಾಗದದ ಹಾಳೆಗಳನ್ನು ನೆಲದ ಮೇಲೆ ಅಲ್ಲಲ್ಲಿ ಹಾಸಿ ಸೀಸದ ಕಡ್ಡಿಯಿಂದ ಉಜ್ಜಿದನು. ಹಾಳೆಯ ಮೇಲೆ ಕಾಡು ಎದ್ದಿತು, ಅಲೆ ಎದ್ದಿತು, ಹಕ್ಕಿ, ಮೃಗ, ಕಣ್ಣುಗಳು ಎದ್ದವು. ಇದರಲ್ಲಿ ಮಂತ್ರವೇನೂ ಇಲ್ಲ. ಕಾಗದದ ಕೆಳಗೆ ನಾಣ್ಯವಿಟ್ಟು ಪೆನ್ಸಿಲಿನಿಂದ ಉಜ್ಜುವ ಆಟವನ್ನು ನಮ್ಮ ಮಕ್ಕಳೆಲ್ಲ ಆಡುತ್ತಾರೆ. ಕಲ್ಲಿನ ಶಾಸನದ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿಯುಂಡೆ ಒತ್ತಿ ಅಚ್ಚು ತೆಗೆಯುವುದನ್ನು ಶಾಸನ ಸಂಶೋಧಕರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಎರ್ನ್ಸ್ಟ್ ಮಾಡಿದ್ದೂ ಅದೇ. ಹಲಗೆಯನ್ನು ಶಾಸನವೆಂದು ಓದಿದನು. ಮರದ ವರ್ಷವರ್ಷದ ಬೆಳವಣಿಗೆಯೇ ಅದರ ಲಿಪಿ. ಈ ಉಜ್ಜು ಚಿತ್ರಗಳಲ್ಲಿ 34ನ್ನು ಆರಿಸಿ 1926ರಲ್ಲಿ ‘ಪ್ರಕೃತಿ ಚರಿತ್ರೆ’ ಎಂಬ ಹೆಸರಿನಲ್ಲಿ ಪ್ರಕಟಿಸಿದನು. ಮುಂದೆ ಬಣ್ಣ ಹಚ್ಚಿದ ಬಟ್ಟೆಯನ್ನು ಒರಟು ವಸ್ತುಗಳ ಮೇಲೆ ಹಾಸಿ ಕೆರೆದು, 1927ರ ಸುಮಾರಿಗೆ ಅವನ ಹೆಸರಾಂತ ಕಾಡಿನ ಚಿತ್ರಗಳನ್ನು ಬರೆದನು. ಬಾಲ್ಯದಲ್ಲಿ ಮೊದಲ ಸಲ ಕಾಡು ಹೊಕ್ಕಾಗ ಆದ ಸಂತೋಷ ಮತ್ತು ದಿಗಿಲು ಎರಡೂ ಆ ಚಿತ್ರಗಳಲ್ಲಿವೆ.

ಇನ್ನೊಬ್ಬನನ್ನು ಹೇಳಿ ಈ ಸಾಲನ್ನು ಮುಗಿಸಬಹುದು. ಗ್ರಹಾಮ್ ಸದರ್ಲೆಂಡ್ ಎಂಬ ಆಂಗ್ಲ ಚಿತ್ರಕಾರ (1903–1980) 1934ರಲ್ಲಿ ವೇಲ್ಸಿನ ಪೆಂಬ್ರೋಕ್ ಸೀಮೆಗೆ ಮೊದಲ ಸಲ ಹೋದನು. ಗಾಳಿಗೆ ಬಾಗಿದ ಮರ, ಮಣ್ಣು ಕೊಚ್ಚಿಹೋಗಿ ಹೊರಬಿದ್ದ ಬೇರು, ಮುಳ್ಳಿನ ಪೊದೆ, ಇವುಗಳನ್ನು ಚಿಕ್ಕ ಪುಸ್ತಕದಲ್ಲಿ ಗೀಚಿಕೊಂಡು ಬಂದು ಮನೆಯಲ್ಲಿ ದೊಡ್ಡದು ಮಾಡುತ್ತಿದ್ದನು. ಕಂಡದ್ದನ್ನು ಹಾಗೆಯೇ ಇಳಿಸುವ ಬದಲು ಬೇರೆ ಮಾತಿನಲ್ಲಿ ಹೇಳುವುದು ಅವನ ರೀತಿ. ನಮ್ಮ ಸಾಹಿತ್ಯದ ಭಾಷೆಯಲ್ಲಿ ಹೇಳುವುದಾದರೆ ಭಾವಾನುವಾದ. 1940ರ ‘ಹಸಿರು ಮರದಾಕಾರ’ ಎಂಬ ಚಿತ್ರದಲ್ಲಿ ಹುಲ್ಲಿನ ದಿಬ್ಬಕ್ಕೆ ಅಡ್ಡಲಾಗಿ ಉರುಳಿದ ಮರವೊಂದು ಮರವೂ ಹೌದು, ಯಾವುದೋ ಪ್ರಾಣಿಯೂ ಹೌದು ಎಂಬಂತೆ ಮಲಗಿದೆ. ಅದೇ ಹೊತ್ತಿಗೆ ಲಂಡನ್ನಿನ ಮೇಲೆ ಬಾಂಬು ಬೀಳತೊಡಗಿತು. ಸರಕಾರ ಅವನನ್ನು ಯುದ್ಧದ ಚಿತ್ರಕಾರನನ್ನಾಗಿ ನೇಮಿಸಿತು. ಬೇರಿನ ತಿರುಚು, ಗಂಟುಗಳನ್ನು ನೋಡಿ ಪಳಗಿದ ಕಣ್ಣು ಸುಟ್ಟು ತಿರುಚಿದ ಕಬ್ಬಿಣದ ತೊಲೆಗಳನ್ನು ಬರೆಯಲು ಸಿದ್ಧವಾಗಿಯೇ ಇತ್ತು.

ಸದರ್ಲೆಂಡ್ ಕಾಗದದ ಮೇಲೆ ಮಾಡಿದ ಕೆಲಸದಲ್ಲಿ ಮಸಿ, ಸೀಮೆಸುಣ್ಣದ ಬಳಪ, ಮೇಣದ ಬಣ್ಣಕಡ್ಡಿ, ನೀರಿನ ಬಣ್ಣ ಎಲ್ಲ ಒಂದಾಗುತ್ತವೆ. ಇದರ ಗುಟ್ಟು ಸುಲಭ. ಮೊದಲು ಕಾಗದದ ಮೇಲೆ ಮೇಣದಿಂದ ಗೆರೆ ಎಳೆಯಬೇಕು. ಮೇಲೆ ನೀರಿನ ಬಣ್ಣ ಹರಿಸಬೇಕು. ಮೇಣ ಇದ್ದಲ್ಲಿ ಬಣ್ಣ ನಿಲ್ಲದೆ ಜಾರಿ, ಇಲ್ಲದ ಸಂದುಗಳಲ್ಲಿ ಹೋಗಿ ಕೂರುತ್ತದೆ. ಕೈಯಿಂದ ಬರೆದರೆ ಎಷ್ಟು ಹೊತ್ತಾದರೂ ಬಾರದ ತೊಗಟೆಯ ಒರಟು ಒಂದು ಕ್ಷಣದಲ್ಲಿ ಬಂದುಬಿಡುತ್ತದೆ.

ಇಲ್ಲಿ ಒಂದು ಮಾತನ್ನು ವಿಚಾರಿಸಬೇಕು. ಮರಳು, ಮೇಣ, ಮುದುರಿದ ಕಾಗದ, ಇವು ಮರದ ಮೈಗೆ ಇಷ್ಟು ಚೆನ್ನಾಗಿ ಒಪ್ಪುವುದೇಕೆ? ಮರ ವರ್ಷವರ್ಷವೂ ಒಳಗಿನಿಂದ ದಪ್ಪವಾಗುತ್ತದೆ. ಹೊರತೊಗಟೆಯಾದರೋ ಸತ್ತ ಪದರ, ಅದು ಹಿಗ್ಗಲಾರದು. ಒಳಗಿನ ಒತ್ತಡಕ್ಕೆ ಅದು ಬಿರಿಯುತ್ತದೆ, ಬಿರಿದ ಕೆಳಗೆ ಹೊಸ ಪದರ ಹುಟ್ಟುತ್ತದೆ. ಮುದಿಮರದ ಬಿರುಕೆಂದರೆ ಅದು ಬೆಳೆದ ಲೆಕ್ಕ. ಚಿತ್ರದ ಬಣ್ಣವೂ ಹೀಗೆಯೇ. ಕೆಳಗಿನ ಪದರ ಆರುವ ಮೊದಲೇ ಮೇಲಿನದು ಆರಿ ಬಿಗಿದರೆ ಬಿರುಕು ಬಿಡುತ್ತದೆ. ಹಿಂದಿನವರು ಇದನ್ನು ದೋಷವೆಂದರು. ರೂಸೋವಿನ ಚಿತ್ರಗಳನ್ನು ಕೆಡಿಸಿದ್ದೂ ಇದೇ. ಮಿಶ್ರ ಮಾಧ್ಯಮದವರು ಈ ದೋಷವನ್ನೇ ಕರೆದು ಕೆಲಸಕ್ಕೆ ಹಚ್ಚಿದರು. ತೊಗಟೆಯ ಹಾಗೆ ಕಾಣುವಂತೆ ಬರೆಯುವುದರ ಬದಲು, ತೊಗಟೆ ಹೇಗೆ ಆಗುತ್ತದೋ ಹಾಗೆ ಬಣ್ಣವನ್ನು ಆಗಗೊಟ್ಟರು. ನಮ್ಮ ಪ್ರದರ್ಶನದ ‘ಹಳೆಯ ಮರ’ದ ಹಿಂದೆ ಇರುವ ವಿಚಾರ ಇದು.

ಹಾಗೆಂದು ಮರಳು ಅಂಟಿಸಿದ್ದೆಲ್ಲ ಚಿತ್ರವಾಗುವುದಿಲ್ಲ. ಮರದ ಮುಂದೆ ಒಂದು ಗಳಿಗೆಯೂ ನಿಲ್ಲದೆ ಕೋಣೆಯಲ್ಲಿ ಕೂತು ಗೋಣಿ ಅಂಟಿಸಿದವರೂ ಉಂಟು. ಇದನ್ನು ಪರೀಕ್ಷಿಸಲು ವಿದ್ವಾಂಸರೇ ಬೇಕೆಂದೇನೂ ಇಲ್ಲ. ಚಿತ್ರ ನೋಡಿ ಹೊರಗೆ ಬಂದ ಮೇಲೆ ಬೀದಿಯ ಮರದ ಬೊಡ್ಡೆ ಮೊದಲಿಗಿಂತ ಹೆಚ್ಚಾಗಿ ಕಂಡರೆ ಚಿತ್ರಕಾರ ನೋಡಿ ಬರೆದಿದ್ದಾನೆ. ಕಾಣದಿದ್ದರೆ ನೋಡದೆ ಬರೆದಿದ್ದಾನೆ.

ಈಗ ಮತ್ತೆ ಆ 12 ಅಂಗುಲದ ಎಲ್ಮ್ ಚಿತ್ರಕ್ಕೆ ಹಿಂದಿರುಗೋಣ. 1960ರ ದಶಕದ ಕೊನೆಯ ಹೊತ್ತಿಗೆ ಉತ್ತರ ಅಮೆರಿಕದಿಂದ ಬಂದ ಎಲ್ಮ್ ದಿಮ್ಮಿಗಳ ಜೊತೆಗೆ ಒಂದು ಬೂಷ್ಟುರೋಗ ಇಂಗ್ಲೆಂಡಿಗೆ ಕಾಲಿಟ್ಟಿತು. ಅದನ್ನು ಮರದಿಂದ ಮರಕ್ಕೆ ಹೊರುವುದು ತೊಗಟೆಯ ಕೆಳಗೆ ಬಾಳುವ ಒಂದು ಸಣ್ಣ ಜೀರುಂಡೆ. ಅದು ತೊಗಟೆಗೂ ಮರಕ್ಕೂ ನಡುವೆ ಸುರಂಗ ತೋಡಿ ಮೊಟ್ಟೆಯಿಡುತ್ತದೆ. ಸತ್ತ ಮರದ ತೊಗಟೆಯನ್ನು ಎಬ್ಬಿಸಿದರೆ ಆ ಸುರಂಗಗಳು ಯಾರೋ ಕೊರೆದ ಚಿತ್ತಾರದಂತೆ ಕಾಣುತ್ತವೆ. ಬ್ರಿಟನ್ನಿನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಎಲ್ಮ್ ಮರಗಳು ಸತ್ತವು. ಕಾನ್ಸ್ಟೆಬಲ್‌ನ ಸೀಮೆಯ ಆಕಾಶರೇಖೆಯೇ ಬದಲಾಯಿತು. ಬೇರು ಸಾಯದೆ ಬೇಲಿಗಳಲ್ಲಿ ಇಂದಿಗೂ ಚಿಗುರುತ್ತದೆ. ಆದರೆ ಚಿಗುರು ಕೆಲವು ವರ್ಷ ಬೆಳೆದು ತೊಗಟೆ ಸ್ವಲ್ಪ ದಪ್ಪವಾಯಿತೆಂದರೆ ಜೀರುಂಡೆ ಮತ್ತೆ ಬರುತ್ತದೆ. ಹೀಗಾಗಿ ಇಂಗ್ಲೆಂಡಿನ ಹೊಲಗಳಲ್ಲಿ ಎಲ್ಮ್ ಉಂಟು, ಮುದಿ ಎಲ್ಮ್ ಇಲ್ಲವೆನ್ನುವಷ್ಟು ಅಪರೂಪ. ಆಳವಾಗಿ ಬಿರಿದ ಆ ತೊಗಟೆಯನ್ನು ನೋಡಬೇಕಾದರೆ ಬ್ರೈಟನ್ನಿನಂತೆ ಮರಗಳನ್ನು ಕಾಪಾಡಿಕೊಂಡ ಒಂದೆರಡು ಊರಿಗೆ ಹೋಗಬೇಕು. ಇಲ್ಲವೆ ಮ್ಯೂಸಿಯಮ್ಮಿಗೆ ಹೋಗಬೇಕು.

ಲೂಸಿಯನ್ ಫ್ರಾಯ್ಡ್ ಎಂಬ ಹೆಸರಾಂತ ಚಿತ್ರಕಾರ, ಮನಶ್ಶಾಸ್ತ್ರಜ್ಞ ಫ್ರಾಯ್ಡ್‌ನ ಮೊಮ್ಮಗ, ಹದಿಹರೆಯದಲ್ಲಿ ಡೆಡಮ್ ಎಂಬ ಊರಿನ ಕಲಾಶಾಲೆಯಲ್ಲಿ ಕಲಿಯುತ್ತಿದ್ದನು. ಹುಡುಗ ಕಾನ್ಸ್ಟೆಬಲ್ ಪಾಠ ಓದಿದ್ದೂ ಆ ಊರಿನಲ್ಲಿಯೇ. ಫ್ರಾಯ್ಡ್ ಆ ಎಲ್ಮ್ ಚಿತ್ರವನ್ನು ಕಂಡು, ಇದರಂತೆ ತಾನೂ ಒಂದು ಬೊಡ್ಡೆಯನ್ನು ಬರೆಯುವೆನೆಂದು ಬಣ್ಣ ಹೊತ್ತು ಹೊರಗೆ ಹೋದನು. ಸುಲಭವೆಂದು ಕಂಡದ್ದು ಕೈಗೆ ಬರಲೇ ಇಲ್ಲ; ಬಿಟ್ಟುಬಿಟ್ಟನು. ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 2003ರಲ್ಲಿ, ಎಂಬತ್ತು ದಾಟಿದ ಫ್ರಾಯ್ಡ್ ಆ ಚಿತ್ರವನ್ನು ಮುಂದಿಟ್ಟುಕೊಂಡು ಲೋಹದ ತಗಡಿನ ಮೇಲೆ ಸೂಜಿಯಿಂದ ಗೆರೆಗೆರೆಯಾಗಿ ಕೊರೆದು ಅಚ್ಚು ತೆಗೆದನು. ‘ಕಾನ್ಸ್ಟೆಬಲ್‌ನ ಎಲ್ಮ್ ನೋಡಿ’ ಎಂದು ಅದಕ್ಕೆ ಹೆಸರು. ಬಾಳಿಡೀ ಮನುಷ್ಯರ ಮೈಯ ಸುಕ್ಕು, ಮಡಿಕೆಗಳನ್ನು ಬರೆದು ಪಳಗಿದ ಕೈಗೆ ಮರದ ಮೈ ಒಲಿಯಲು ಅಷ್ಟು ವರ್ಷ ಬೇಕಾಯಿತು.

ಆದ್ದರಿಂದ ಇನ್ನು ಮೇಲೆ ಪ್ರದರ್ಶನದಲ್ಲಿ ‘ಹಳೆಯ ಮರ’ ಕಂಡು, ಮರ ಎಲ್ಲಿ ಎಂದು ಕೇಳುವವರಿಗೆ, ನಾವು ಅದಕ್ಕೆ ತೀರ ಹತ್ತಿರ ನಿಂತಿದ್ದೇವೆ ಎಂದು ಹೇಳಬಹುದು. ನಂಬಿಕೆ ಬಾರದಿದ್ದರೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು, ತೆಳುವಾದ ಕಾಗದ ಮತ್ತು ಮೇಣದ ಬಣ್ಣಕಡ್ಡಿ ಹಿಡಿದು, ಹತ್ತಿರದ ಹಳೆಯ ಹುಣಸೆಗೋ ಮಾವಿಗೋ ಹೋಗಬಹುದು. ಬೊಡ್ಡೆಗೆ ಕಾಗದ ಒತ್ತಿ ಹಿಡಿದು ಉಜ್ಜಿದರೆ ಮರ ತಾನೇ ತನ್ನ ಚಿತ್ರವನ್ನು ಕೊಡುತ್ತದೆ. ಕೊಟ್ಟ ಮೇಲೆ ಅದರ ಮೂಲೆಯಲ್ಲಿ ಊರು, ಬೀದಿ, ತಾರೀಖು ಬರೆದಿಡುವುದು ಒಳ್ಳೆಯದು. ರಸ್ತೆ ಅಗಲಮಾಡುವವರು ಯಾವಾಗ ಬರುತ್ತಾರೆಂದು ಹೇಳಲಾಗುವುದಿಲ್ಲ.